ಇಬ್ನು ಬತೂತರ ಊರಿನಲ್ಲಿ ನಮ್ಮ ಕರಾವಳಿಯ ಸುದ್ದಿ

ನಮ್ಮ ಬ್ಯಾರಿ ಮನೆಗಳಲ್ಲಿ ವಿಮಾನ ಹತ್ತುವುದು ಎಂದರೆ ಎರಡೇ ಕಾರಣಕ್ಕೆ. ಒಂದು ಗಲ್ಫಿಗೆ ದುಡಿಯಲು, ಇನ್ನೊಂದು ಹಜ್ಜ್, ಉಮ್ರಾಕ್ಕೆ. ಇದರ ನಡುವೆ ಉಳ್ಳಾಲ, ಅಜ್ಮೀರ್ ಎಂದು ಬಸ್ಸು ಮಾಡಿಕೊಂಡು ಝಿಯಾರತ್ ಹೋಗುವುದುಂಟು. ಸುಮ್ಮನೆ ಒಂದು ದೇಶ ನೋಡಿ ಬರುವ ಅಭ್ಯಾಸ ನಮ್ಮಲ್ಲಿ ಇನ್ನೂ ಅಷ್ಟು ಬೆಳೆದಿಲ್ಲ. ಅದರಲ್ಲೂ ಮದ್ರಸದ ಉಸ್ತಾದರೊಬ್ಬರು ಸಂಸಾರ ಸಮೇತ ಮೊರೊಕ್ಕೊಗೆ ಹೋಗಿ ಬಂದರು ಎಂದರೆ ಜಮಾಅತಿನಲ್ಲಿ ನಾಲ್ಕು ಜನ ಹುಬ್ಬೇರಿಸುತ್ತಾರೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇವೆ. ಖರ್ಚು ನಮ್ಮದಲ್ಲ. ಇಪ್ಪತ್ತು ವರ್ಷದಿಂದ ದುಬೈಯಲ್ಲಿರುವ ನಮ್ಮ ಭಾವನದ್ದು. "ಉಮ್ಮನ ಕಾಲು ನಡೆಯುವಾಗಲೇ ಎಲ್ಲರೂ ಒಟ್ಟಿಗೆ ಒಂದು ಕಡೆ ಹೋಗುವಾ" ಎಂದು ಅವರು ಮೂರು ವರ್ಷದಿಂದ ಹೇಳುತ್ತಿದ್ದರು. ಈ ಸಲ ಈದ್ ಮುಗಿದು, ಶವ್ವಾಲಿನಲ್ಲಿ ಮದ್ರಸ ತೆರೆಯುವ ಮುನ್ನ ಸಿಕ್ಕಿದ ಹತ್ತು ದಿನದಲ್ಲಿ ಅದು ಕೂಡಿ ಬಂತು.

ಎಲ್ಲಿಗೆ ಎಂಬ ಪ್ರಶ್ನೆ ಬಂದಾಗ ಹತ್ತು ವರ್ಷದ ಮಗ ಹಿಮ ಇರುವ ಕಡೆ ಎಂದ. ಹಿರಿಯ ಮಗಳು ಮೊರೊಕ್ಕೊ ಎಂದಳು. ಶಾಲೆಯ ಇತಿಹಾಸ ಪಾಠದಲ್ಲಿ ಇಬ್ನು ಬತೂತರ ಬಗ್ಗೆ ಓದಿದಂದಿನಿಂದ ಅವಳಿಗೆ ಆ ದೇಶದ ಹುಚ್ಚು. ಆಗಷ್ಟೇ ಅವಳ ದ್ವಿತೀಯ ಪಿಯುಸಿ ಫಲಿತಾಂಶ ಬಂದಿತ್ತು, ಒಳ್ಳೆಯ ಅಂಕವೂ ಇತ್ತು. ಭಾವ ಅವಳ ಮಾತಿಗೇ ಬೆಲೆ ಕೊಟ್ಟರು.

ಇನ್ನೊಂದು ವಿಷಯವನ್ನೂ ಇಲ್ಲಿ ಮುಚ್ಚಿಡುವುದು ಸರಿಯಲ್ಲ. ರಂಝಾನಿನಲ್ಲಿ ಮಗಳಿಗೊಂದು ಸಂಬಂಧ ಬಂದಿತ್ತು. ಒಳ್ಳೆಯ ಮನೆ, ಹುಡುಗ ಗಲ್ಫಿನಲ್ಲಿ. "ಓದಿದ್ದು ಸಾಕಲ್ಲ ಉಸ್ತಾದರೇ, ಈಗ ಮಾತು ಮುಗಿಸಿ ಇಡುವಾ" ಎಂದಿದ್ದರು. ಮಗಳಿಗೆ ಡಿಗ್ರಿ ಮಾಡುವ ಆಸೆ, ಇತಿಹಾಸ ತೆಗೆದುಕೊಳ್ಳುವ ಆಸೆ. ನಾವು ಎರಡೂ ಕಡೆಗೆ ಹೌದೂ ಹೇಳಿರಲಿಲ್ಲ, ಇಲ್ಲವೂ ಹೇಳಿರಲಿಲ್ಲ. "ಪ್ರವಾಸ ಮುಗಿಸಿ ಬಂದು ಹೇಳುತ್ತೇವೆ" ಎಂದು ಮುಂದೆ ಹಾಕಿದ್ದೆವು. ಮನೆಯಲ್ಲಿ ಯಾರೂ ಅದರ ಬಗ್ಗೆ ಮಾತಾಡುತ್ತಿರಲಿಲ್ಲ. ಮಾತಾಡದೆ ಇದ್ದ ಕಾರಣವೇ ಅದು ಹತ್ತು ದಿನವೂ ನಮ್ಮ ಜೊತೆಗೇ ಬಂತು.

ಪಳ್ಳಿಯಲ್ಲಿ ಮೊದಲ ಪಾಠ

ಮಂಗಳೂರಿನಿಂದ ದುಬೈ, ಅಲ್ಲಿ ಭಾವನನ್ನು ಸೇರಿಸಿಕೊಂಡು ಕಾಸಾಬ್ಲಾಂಕಾ. ಉಮ್ಮ, ನಾವಿಬ್ಬರು, ಇಬ್ಬರು ಮಕ್ಕಳು, ಭಾವ, ಒಟ್ಟು ಆರು ಜನ. ಟೂರಿನವರು ಒಂದು ವ್ಯಾನು, ಒಬ್ಬ ಡ್ರೈವರ್, ಒಬ್ಬ ಗೈಡ್ ಕೊಟ್ಟಿದ್ದರು. ಗೈಡ್ ಫೆಸ್ ಪಟ್ಟಣದವರು, ಐವತ್ತು ದಾಟಿದವರು, ಅರಬಿ, ಫ್ರೆಂಚ್, ಇಂಗ್ಲಿಷ್ ಮೂರೂ ಬಲ್ಲವರು. ಉಮ್ಮನನ್ನು ಕಂಡ ಕೂಡಲೇ ಅವರ ಕೈಯಲ್ಲಿದ್ದ ಚೀಲ ತೆಗೆದುಕೊಂಡು, ಹತ್ತು ದಿನವೂ ವ್ಯಾನಿನ ಬಾಗಿಲ ಹತ್ತಿರದ ಸೀಟು ಅವರಿಗೇ ಎಂದು ಹೇಳಿಬಿಟ್ಟರು.

ಮೊದಲು ನೋಡಿದ್ದು ಎರಡನೇ ಹಸನ್ ಮಸೀದಿ. 1993ರಲ್ಲಿ ಪೂರ್ತಿಯಾದದ್ದು. ಅಟ್ಲಾಂಟಿಕ್ ಸಮುದ್ರದ ದಡದಲ್ಲಿ, ಅರ್ಧ ನೀರಿನ ಮೇಲೆಯೇ ನಿಂತಂತೆ ಕಟ್ಟಿದ್ದಾರೆ. ಮಿನಾರದ ಎತ್ತರ ಸುಮಾರು 200 ಮೀಟರ್. ಒಳಗೆ 25,000 ಜನ, ಹೊರಗಿನ ಅಂಗಳದಲ್ಲಿ 80,000 ಜನ ನಮಾಝ್ ಮಾಡಬಹುದು. ಮಾಡು ಬೇಕಾದಾಗ ತೆರೆದುಕೊಳ್ಳುತ್ತದೆ. ಮೊರೊಕ್ಕೊದ ಹೆಚ್ಚಿನ ಮಸೀದಿಗಳಿಗೆ ಮುಸ್ಲಿಮೇತರ ಪ್ರವಾಸಿಗರಿಗೆ ಪ್ರವೇಶವಿಲ್ಲ, ಇಲ್ಲಿಗೆ ಮಾತ್ರ ಇದೆ. ಗೋಡೆಯ ಮೇಲಿನ ಸಣ್ಣ ಸಣ್ಣ ಬಣ್ಣದ ಹಂಚಿನ ಚೂರುಗಳನ್ನು ಜೋಡಿಸಿದ ಕೆಲಸ, ದೇವದಾರು ಮರದ ಕೆತ್ತನೆ, ಎಲ್ಲ ಮೊರೊಕ್ಕೊದ ಕೈಕೆಲಸದವರೇ ಮಾಡಿದ್ದು. ಉಮ್ಮ ಮಾತ್ರ ಸಮುದ್ರವನ್ನೇ ನೋಡುತ್ತ ನಿಂತರು. "ಇದೂ ನಮ್ಮ ಉಳ್ಳಾಲದ ಕಡಲಿನ ಹಾಗೇ ಉಂಟಲ್ಲ, ಅಲೆ ಮಾತ್ರ ಸ್ವಲ್ಪ ದೊಡ್ಡದು" ಎಂದರು.

ಮರುದಿನ ಹೋಟೆಲಿನ ಹತ್ತಿರದ ಸಣ್ಣ ಪಳ್ಳಿಯಲ್ಲಿ ಸುಬುಹಿಗೆ ನಿಂತಾಗ ನಮಗೇ ಒಂದು ಪಾಠ ಆಯಿತು. ಇಮಾಮರು ತಕ್ಬೀರ್ ಹೇಳಿ ನೇರವಾಗಿ "ಅಲ್‌ಹಮ್ದು" ಎಂದು ಶುರು ಮಾಡಿದರು. ಬಿಸ್ಮಿ ಕೇಳಿಸಲಿಲ್ಲ. ಪಕ್ಕದಲ್ಲಿ ನಿಂತ ಅಜ್ಜ ಕೈ ಕಟ್ಟದೆ ಕೆಳಗೆ ಬಿಟ್ಟಿದ್ದರು. ಎರಡನೇ ರಕಅತ್‌ನಲ್ಲಿ ರುಕೂಇನಿಂದ ಎದ್ದ ಮೇಲೆ ನಾವು ಖುನೂತಿಗೆ ಕೈ ಎತ್ತಲು ಸಿದ್ಧರಾದೆವು, ಅಷ್ಟರಲ್ಲಿ ಅವರು ಸುಜೂದಿಗೆ ಹೋಗಿ ಆಗಿತ್ತು. ಹೊರಗೆ ಬಂದ ಕೂಡಲೇ ಮಗ ಕೇಳಿದ, "ಉಪ್ಪಾ, ಇಮಾಮರು 'ಮಾಲಿಕಿ' ಅನ್ನುವಲ್ಲಿ 'ಮಲಿಕಿ' ಎಂದು ಓದಿದರು. ತಪ್ಪಲ್ವಾ? ನಾವು ಹಾಗೆ ಓದಿದರೆ ನೀವು ಬೈಯುತ್ತೀರಿ."

ತಪ್ಪಲ್ಲ. ಅಲ್ಲಿನವರು ಮಾಲಿಕೀ ಮದ್‌ಹಬಿನವರು, ಖುರ್‌ಆನ್ ಓದುವುದು ವರ್ಶ್ ಎಂಬ ರಿವಾಯತಿನಲ್ಲಿ. ನಾವು ಶಾಫಿಈಗಳು, ಓದುವುದು ಹಫ್ಸ್ ರಿವಾಯತಿನಲ್ಲಿ. ಅವರಲ್ಲಿ ಫಾತಿಹಕ್ಕೆ ಮೊದಲು ಬಿಸ್ಮಿ ಜೋರಾಗಿ ಓದುವ ಕ್ರಮವಿಲ್ಲ. ಖುನೂತ್ ಉಂಟು, ಆದರೆ ರುಕೂಇಗೆ ಮೊದಲು, ಮೆಲ್ಲಗೆ. ಇದೆಲ್ಲ ಕಿತಾಬಿನಲ್ಲಿ ನಾವು ಓದಿದ್ದೇ, ಮಕ್ಕಳಿಗೆ ಹೇಳಿಕೊಟ್ಟದ್ದೇ. ಆದರೆ ಕಿತಾಬಿನಲ್ಲಿ ಓದುವುದು ಬೇರೆ, ಪಕ್ಕದ ಅಜ್ಜನ ಕೈ ಕೆಳಗೆ ಇರುವುದನ್ನು ಕಂಡು ಮನಸ್ಸು ಒಮ್ಮೆ ಗಲಿಬಿಲಿಯಾಗುವುದು ಬೇರೆ. ನಮಾಝ್ ಮುಗಿದ ಮೇಲೆ ಅಲ್ಲಿದ್ದವರೆಲ್ಲ ವೃತ್ತವಾಗಿ ಕುಳಿತು ಒಂದೇ ಸ್ವರದಲ್ಲಿ ಖುರ್‌ಆನ್ ಓದಿದರು. ಸುಬುಹಿಗೆ ಒಂದು ಹಿಝ್ಬ್, ಮಗ್ರಿಬಿಗೆ ಒಂದು ಹಿಝ್ಬ್. ಹೀಗೆ ಓದಿದರೆ ತಿಂಗಳಿಗೆ ಒಂದು ಖತಂ ಆಗುತ್ತದೆ. ಅಂಗಡಿಯವ, ಟ್ಯಾಕ್ಸಿಯವ ಎಲ್ಲರೂ ಮುಸ್‌ಹಫ್ ನೋಡದೆ ಓದುವುದನ್ನು ಕಂಡು ನಮಗೆ ಒಳಗೊಳಗೇ ನಾಚಿಕೆಯಾಯಿತು.

ಅರಬಿ ಭಾಷೆಯ ವಿಷಯದಲ್ಲೂ ನಮ್ಮ ಗತ್ತು ಇಳಿಯಿತು. ಭಾವನ ಎದುರು "ನಮಗೆ ಅರಬಿ ಬರುತ್ತದೆ, ಹೆದರಬೇಡಿ" ಎಂದು ಹೊರಟವರು ನಾವು. ಅಲ್ಲಿ ಬೀದಿಯಲ್ಲಿ ಆಡುವುದು ದಾರಿಜ ಎಂಬ ಅರಬಿ, ಅದರಲ್ಲಿ ಫ್ರೆಂಚೂ ಬೆರ್ಬರ್ ಜನರ ತಮಾಝಿಗ್ತ್ ಭಾಷೆಯೂ ಬೆರೆತಿದೆ. ನಾವು ವ್ಯಾಕರಣ ಬದ್ಧವಾಗಿ ದಾರಿ ಕೇಳಿದರೆ, ಜುಮಾ ಖುತುಬ ಕೇಳಿದವರ ಹಾಗೆ ಗೌರವದಿಂದ ನಿಂತು ನಗುತ್ತಿದ್ದರು. ಒಂದು ಹೋಟೆಲಿನಲ್ಲಿ ಊಟಕ್ಕೆ "ಹೂತ್" ಉಂಟು ಎಂದರು. ನಮ್ಮ ಮದ್ರಸ ಪಾಠದಲ್ಲಿ ಮೀನಿಗೆ ಸಮಕ್, ಹೂತ್ ಎಂದರೆ ಯೂನುಸ್ ನಬಿಯನ್ನು ನುಂಗಿದ ದೊಡ್ಡ ಮೀನು. ಮಗ ಕಣ್ಣರಳಿಸಿ, "ಅದನ್ನು ಆರು ಜನ ತಿಂದು ಮುಗಿಸಲು ಸಾಧ್ಯವಾ?" ಎಂದ. ತಟ್ಟೆಯಲ್ಲಿ ಬಂದದ್ದು ನಮ್ಮ ಬೂತಾಯಿ! ಅಲ್ಲಿ ಎಲ್ಲ ಮೀನಿಗೂ ಹೂತ್ ಎಂದೇ ಹೆಸರು.

ತಂಜಾದ ಸಣ್ಣ ಮಖಾಮ್

ರಬಾತ್ ಪಟ್ಟಣದಲ್ಲಿ ಅರ್ಧಕ್ಕೆ ನಿಂತ ಹಸನ್ ಮಿನಾರವನ್ನು ನೋಡಿಕೊಂಡು ನಾವು ಉತ್ತರಕ್ಕೆ, ತಂಜಾಕ್ಕೆ ಹೋದೆವು. ಇಂಗ್ಲಿಷಿನವರು ಟ್ಯಾಂಜಿಯರ್ ಎನ್ನುವ ಊರು ಇದೇ. ಸಮುದ್ರದ ಆಚೆಗೆ ಸ್ಪೇನ್ ಕಾಣುತ್ತದೆ. 1304ರಲ್ಲಿ ಇಬ್ನು ಬತೂತರು ಹುಟ್ಟಿದ್ದು ಇಲ್ಲಿ. 1325ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಹಜ್ಜಿಗೆಂದು ಒಬ್ಬರೇ ಮನೆ ಬಿಟ್ಟರು. ಮತ್ತೆ ಮೊರೊಕ್ಕೊ ನೆಲಕ್ಕೆ ಕಾಲಿಟ್ಟದ್ದು 1349ರಲ್ಲಿ.

ವಿಮಾನ ನಿಲ್ದಾಣಕ್ಕೆ ಅವರ ಹೆಸರಿದೆ. ಆದರೆ ಅವರದ್ದೆಂದು ಊರಿನವರು ನಂಬುವ ಮಖಾಮ್ ಮಾತ್ರ ಹಳೇ ಪೇಟೆಯ ಇಕ್ಕಟ್ಟಾದ ಓಣಿಯಲ್ಲಿರುವ ಒಂದು ಸಣ್ಣ ಕೋಣೆ. ಹೊರಗೆ ಮಕ್ಕಳು ಚೆಂಡು ಒದೆಯುತ್ತಿದ್ದರು. ಒಳಗೆ ಹಸಿರು ಬಟ್ಟೆ ಹೊದಿಸಿದ ಗೋರಿ. ಫಾತಿಹ ಓದಿ ದುಆ ಮಾಡಿದೆವು.

ಇಬ್ನು ಬತೂತರು ಊರಿಗೆ ಮರಳುವ ದಾರಿಯಲ್ಲಿರುವಾಗಲೇ ಅವರಿಗೆ ತಂದೆ ತೀರಿಕೊಂಡು ವರ್ಷಗಳೇ ಆದವೆಂಬ ಸುದ್ದಿ ಸಿಕ್ಕಿತ್ತು. ಇನ್ನೇನು ಮನೆ ತಲುಪಬೇಕು ಎನ್ನುವಾಗ ತಾಯಿಯೂ ಪ್ಲೇಗಿನಲ್ಲಿ ಹೋಗಿಬಿಟ್ಟಿದ್ದರು ಎಂದು ತಿಳಿಯಿತು. ತಂಜಾಕ್ಕೆ ಬಂದವರು ನೋಡಿದ್ದು ತಾಯಿಯ ಖಬರನ್ನು. ಗೈಡ್ ಇದನ್ನು ಹೇಳುವಾಗ ನಮ್ಮ ಭಾವ ಹೊರಗೆ ಹೋಗಿ ನಿಂತರು. ನಮ್ಮ ಮಾವ ತೀರಿಕೊಂಡಾಗ ಅವರಿಗೆ ಟಿಕೆಟ್ ಸಿಗುವಷ್ಟರಲ್ಲಿ ದಫನ ಮುಗಿದಿತ್ತು. ಗಲ್ಫಿನ ಅನ್ನ ಉಣ್ಣುವ ನಮ್ಮ ಎಷ್ಟು ಮನೆಗಳಲ್ಲಿ ಈ ಕಥೆ ಇಲ್ಲ ಹೇಳಿ? ಉಮ್ಮ ಮೆಲ್ಲಗೆ ಹೋಗಿ ಅವರ ಬೆನ್ನು ಸವರಿದರು, ಏನೂ ಹೇಳಲಿಲ್ಲ.

ಆ ರಾತ್ರಿ ಮಗಳು ಮೊಬೈಲಿನಲ್ಲಿ ಇಬ್ನು ಬತೂತರ ಪ್ರವಾಸ ಗ್ರಂಥದಿಂದ ನಮ್ಮ ಕರಾವಳಿಯ ಭಾಗವನ್ನು ಹುಡುಕಿ, ಎಲ್ಲರಿಗೂ ಅರ್ಥ ಹೇಳಿದಳು. ದಿಲ್ಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘ್ಲಕ್ ಅವರನ್ನು ಚೀನಾಕ್ಕೆ ರಾಯಭಾರಿಯಾಗಿ ಕಳುಹಿಸಿದಾಗ, 1342ರ ಸುಮಾರಿಗೆ, ಅವರು ನಮ್ಮ ಕಡಲ ದಾರಿಯಲ್ಲಿ ಬಂದರು. ಹಿನೌರ್ ಎಂದರೆ ನಮ್ಮ ಹೊನ್ನಾವರ, ಫಾಕನೂರ್ ಎಂದರೆ ಬಾರ್ಕೂರು, ಮಂಜರೂರ್ ಎಂದರೆ ಮಂಗಳೂರು. ಮಂಜರೂರಿನಲ್ಲಿ ಸುಮಾರು 4,000 ಮುಸ್ಲಿಮರು ಊರಿನ ಬದಿಯ ಕೇರಿಯಲ್ಲಿದ್ದರು, ಫಾರ್ಸ್ ಮತ್ತು ಯಮನಿನ ವ್ಯಾಪಾರಿಗಳು ಅಲ್ಲಿ ಇಳಿಯುತ್ತಿದ್ದರು, ಕಾಳುಮೆಣಸು ಮತ್ತು ಶುಂಠಿ ಹೇರಳವಾಗಿತ್ತು ಎಂದು ಬರೆದಿದ್ದಾರೆ. ಅಲ್ಲಿನ ಖಾಝಿ ಬದ್ರುದ್ದೀನ್ ಮಅಬರೀ ಶಾಫಿಈ ಮದ್‌ಹಬಿನವರು, ಉದಾರಿ, ಪಾಠ ಹೇಳುತ್ತಿದ್ದವರು. ಅವರೇ ಹಡಗಿಗೆ ಬಂದು ಇವರನ್ನು ಊರಿಗೆ ಕರೆದರಂತೆ. ಮಾಲಿಕೀ ಮದ್‌ಹಬಿನ ಪ್ರವಾಸಿಯನ್ನು ಶಾಫಿಈ ಖಾಝಿ ಕರೆದು ಆದರಿಸಿದ ಊರು ನಮ್ಮದು. ಬೆಳಿಗ್ಗೆ ಪಕ್ಕದ ಅಜ್ಜನ ಕೈ ನೋಡಿ ಗಲಿಬಿಲಿಯಾದ ನಮಗೆ ಅದು ಸರಿಯಾದ ಉತ್ತರ.

ಆಮೇಲೆ ಮಗಳು ಹೊನ್ನಾವರದ ಭಾಗಕ್ಕೆ ಬಂದಳು. ಅಲ್ಲಿನ ಹೆಂಗಸರೆಲ್ಲ ಖುರ್‌ಆನ್ ಕಂಠಪಾಠ ಮಾಡಿದವರು. ಊರಿನಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆಗಳು, ಗಂಡುಮಕ್ಕಳಿಗೆ 23 ಶಾಲೆಗಳು ಇದ್ದವು. ಇಂಥದ್ದನ್ನು ತಾನು ಬೇರೆಲ್ಲೂ ನೋಡಿಲ್ಲ ಎಂದು ಅಷ್ಟು ದೇಶ ತಿರುಗಿದ ಮನುಷ್ಯ ಬರೆದಿಟ್ಟಿದ್ದಾರೆ. ಅವಳು ಅಷ್ಟು ಹೇಳಿ ಫೋನ್ ಕೆಳಗಿಟ್ಟಳು. ನಮ್ಮ ಮುಖ ನೋಡಲಿಲ್ಲ. ನಾವೂ ಅವಳ ಮುಖ ನೋಡಲಿಲ್ಲ.

ಫೆಸ್‌ನ ಓಣಿಗಳಲ್ಲಿ

ತಂಜಾದಿಂದ ಶಫ್ಶಾವನ್ ಎಂಬ ಬೆಟ್ಟದ ಊರಿನ ಮೇಲೆ ಹಾದು ಫೆಸ್ ತಲುಪಿದೆವು. ಶಫ್ಶಾವನ್‌ನಲ್ಲಿ ಗೋಡೆ, ಮೆಟ್ಟಿಲು, ಬಾಗಿಲು ಎಲ್ಲದಕ್ಕೂ ನೀಲಿ ಬಣ್ಣ. ಹೆಂಡತಿ ಅಲ್ಲಿ ತೆಗೆದ ಫೋಟೊಗಳೇ ಈಗ ಸಂಬಂಧಿಕರ ವಾಟ್ಸಾಪಿನಲ್ಲಿ ಓಡಾಡುತ್ತಿವೆ.

ಫೆಸ್‌ನ ಹಳೇ ಪೇಟೆಯೊಳಗೆ ಕಾರು ಹೋಗುವುದಿಲ್ಲ. ಸಾವಿರಾರು ಓಣಿಗಳು, ಕೆಲವು ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕಾದಷ್ಟು ಕಿರಿದು. ಸಾಮಾನು ಹೊರುವುದು ಕತ್ತೆ, ಹೇಸರಗತ್ತೆ. ಅವುಗಳ ಹಿಂದೆ ಬರುವವರು "ಬಾಲಕ್! ಬಾಲಕ್!" ಎಂದು ಕೂಗುತ್ತಾರೆ. ದಾರಿ ಬಿಡಿ ಎಂದು ಅರ್ಥ. ನಮ್ಮ ಮಗ ಎರಡು ಸಲ ತಿರುಗಿ ನೋಡಿ, "ಇವರಿಗೆಲ್ಲ ಕನ್ನಡ ಹೇಗೆ ಗೊತ್ತು? ನನ್ನನ್ನು ಯಾಕೆ ಬಾಲಕ ಬಾಲಕ ಅಂತ ಕರೆಯುತ್ತಾರೆ?" ಎಂದ. ಅಷ್ಟರಲ್ಲಿ ಚರ್ಮದ ಕಟ್ಟು ಹೊತ್ತ ಕತ್ತೆ ಅವನನ್ನು ಬದಿಗೆ ತಳ್ಳಿ ಮುಂದೆ ಹೋಯಿತು.

ಆ ಚರ್ಮ ಹೋಗುವ ಹದಗಾರಿಕೆಯ ಜಾಗವನ್ನೂ ಮೇಲಿನ ಮಹಡಿಯಿಂದ ನೋಡಿದೆವು. ಕಲ್ಲಿನ ದೊಡ್ಡ ದೊಡ್ಡ ತೊಟ್ಟಿಗಳಲ್ಲಿ ಸುಣ್ಣ, ಪಾರಿವಾಳದ ಹಿಕ್ಕೆ, ಬಣ್ಣ. ಮೊಣಕಾಲಿನವರೆಗೆ ಇಳಿದು ಚರ್ಮ ತುಳಿಯುವ ಆಳುಗಳು. ವಾಸನೆಗೆಂದು ಎಲ್ಲರ ಕೈಗೂ ಪುದಿನ ಸೊಪ್ಪು ಕೊಟ್ಟರು. ಉಮ್ಮ ಮಾತ್ರ ಬೇಡವೆಂದರು. "ಬಂದರಿನಲ್ಲಿ ಒಣಮೀನಿನ ಅಂಗಡಿ ಎದುರು ಬೆಳೆದವಳಿಗೆ ಇದೆಂಥ ವಾಸನೆ?"

ಶುಕ್ರವಾರ ಜುಮಾಕ್ಕೆ ಖರವಿಯ್ಯೀನ್ ಮಸೀದಿ. ಬಾಗಿಲಲ್ಲಿದ್ದ ಕಾವಲುಗಾರ ನಮ್ಮ ಮುಖ ನೋಡಿ "ಹಿಂದ್?" ಎಂದು ಕೇಳಿ, "ಶಾರುಖ್ ಖಾನ್!" ಎಂದು ನಕ್ಕು, ಮುಸ್ಲಿಮರೇ ಎಂದು ಖಾತ್ರಿಯಾದ ಮೇಲೆ ಒಳಗೆ ಬಿಟ್ಟ. ಹೆಂಗಸರಿಗೂ ಬೇರೆ ಭಾಗವಿದೆ.

ಈ ಮಸೀದಿಯ ಹೆಸರನ್ನು ನಾವು ಎಷ್ಟು ಸಲ ಹೇಳಿರಬಹುದು! ಮೀಲಾದ್ ವೇದಿಕೆಯಲ್ಲಿ, ಮದ್ರಸ ವಾರ್ಷಿಕದಲ್ಲಿ, ಹೆಣ್ಣುಮಕ್ಕಳ ಕಾರ್ಯಕ್ರಮದಲ್ಲಿ ಅದೇ ಮಾತು. ಹಿಜರಿ 245, ಅಂದರೆ ಕ್ರಿ.ಶ. 859ರಲ್ಲಿ, ಟ್ಯುನೀಶಿಯಾದ ಖೈರವಾನಿನಿಂದ ಬಂದ ಕುಟುಂಬದ ಫಾತಿಮಾ ಅಲ್‌ಫಿಹ್ರೀ ಎಂಬ ಮಹಿಳೆ ತನಗೆ ಪಾಲು ಬಂದ ಸೊತ್ತನ್ನೆಲ್ಲ ಹಾಕಿ ಕಟ್ಟಿಸಿದ ಮಸೀದಿ. ಅದೇ ಮುಂದೆ ವಿದ್ಯಾಕೇಂದ್ರವಾಯಿತು. ಇಂದಿಗೂ ನಡೆಯುತ್ತಿರುವ ವಿಶ್ವವಿದ್ಯಾಲಯಗಳಲ್ಲಿ ಅತಿ ಹಳೆಯದೆಂದು ಗಿನ್ನೆಸ್ ದಾಖಲೆಯಲ್ಲಿದೆ. ಸಹೋದರಿ ಮರ್ಯಮ್ ಹೊಳೆಯ ಆಚೆಗೆ ಇನ್ನೊಂದು ಮಸೀದಿ ಕಟ್ಟಿಸಿದಳು. ಇಷ್ಟು ಹೇಳಿ, "ನೋಡಿ, ಇಸ್ಲಾಮಿನಲ್ಲಿ ಹೆಣ್ಣಿನ ವಿದ್ಯೆಗೆ ಎಂಥ ಸ್ಥಾನ" ಎಂದು ಮುಗಿಸಿದರೆ ಸಭೆಯಲ್ಲಿ ತಕ್ಬೀರ್ ಏಳುತ್ತದೆ.

ಗೈಡ್ ಅದನ್ನೇ ಹೇಳಿದರು. ಆದರೆ ಒಂದು ಮಾತು ಸೇರಿಸಿದರು. ಫಾತಿಮಾರ ಈ ಕಥೆ ಸಿಗುವುದು ಇಬ್ನು ಅಬೀ ಝರ್ಅ್ ಎಂಬವರ ಇತಿಹಾಸ ಗ್ರಂಥದಲ್ಲಿ. ಅದನ್ನು ಬರೆದದ್ದು ಸುಮಾರು 1326ರಲ್ಲಿ, ಎಂದರೆ ನಾಲ್ಕೂವರೆ ಶತಮಾನದ ನಂತರ. ಹಾಗಾಗಿ ಕೆಲವು ಇತಿಹಾಸಕಾರರು ಅದರ ಬಗ್ಗೆ ಪ್ರಶ್ನೆ ಎತ್ತುತ್ತಾರೆ. "ನಾವು ಫೆಸ್‌ನವರು ನಂಬುತ್ತೇವೆ. ಆದರೆ ನೀವು ಉಸ್ತಾದರು, ಸನದ್ ಕೇಳುವವರು. ಅದಕ್ಕೆ ಹೇಳಿದೆ" ಎಂದರು.

ನಾವು ಸ್ವಲ್ಪ ಪೆಚ್ಚಾದೆವು. ಆಗ ಮಗಳು ಹೇಳಿದ ಮಾತು ಈಗಲೂ ಕಿವಿಯಲ್ಲಿದೆ. "ಉಪ್ಪಾ, ಹೊನ್ನಾವರದ್ದಕ್ಕೆ ಸನದಿನ ತೊಂದರೆ ಇಲ್ಲ. ಅದು ಕಣ್ಣಾರೆ ಕಂಡವರೇ ಹೇಳಿದ್ದು."

ಅದೇ ಸಂಜೆ ಬೂ ಇನಾನಿಯ್ಯ ಮದ್ರಸ ನೋಡಿದೆವು. ಮರೀನೀ ವಂಶದ ಸುಲ್ತಾನ ಅಬೂ ಇನಾನ್ 1350ರ ದಶಕದಲ್ಲಿ ಕಟ್ಟಿಸಿದ್ದು. ನೆಲದಿಂದ ಮಾಡಿನವರೆಗೆ ಹಂಚು, ಗಾರೆ, ಮರದ ಕೆತ್ತನೆ. ನಮ್ಮ ಶೀಟಿನ ಮಾಡಿನ ಮದ್ರಸವನ್ನು ನೆನೆದು ನಕ್ಕೆವು. ಇಬ್ನು ಬತೂತರನ್ನು ಫೆಸ್‌ಗೆ ಕರೆಸಿ, ಕಂಡದ್ದನ್ನೆಲ್ಲ ಹೇಳಿ ಬರೆಸಬೇಕೆಂದು ಆಜ್ಞೆ ಮಾಡಿದ ಸುಲ್ತಾನ ಇವರೇ. ಬರೆದುಕೊಂಡವರು ಇಬ್ನು ಜುಝಯ್ ಎಂಬ ಲೇಖಕರು. 1355ರಲ್ಲಿ ಗ್ರಂಥ ಮುಗಿಯಿತು. ಎಂದರೆ ನಮ್ಮ ಕರಾವಳಿಯ ಹದಿಮೂರು ಹೆಣ್ಣುಮಕ್ಕಳ ಶಾಲೆಗಳ ಸುದ್ದಿ ಕಾಗದಕ್ಕೆ ಇಳಿದದ್ದು ಈ ಮದ್ರಸ ಎದ್ದು ನಿಲ್ಲುತ್ತಿದ್ದ ದಿನಗಳಲ್ಲಿ, ಇದೇ ಊರಿನಲ್ಲಿ. ಫಾತಿಮಾರ ಹೆಸರು ಹೇಳಲು ನಾವು ಇಷ್ಟು ದೂರ ಕೈ ತೋರಿಸುತ್ತಿದ್ದೆವು. ಇಲ್ಲಿಯ ಮನುಷ್ಯ ಆರುನೂರೈವತ್ತು ವರ್ಷದ ಹಿಂದೆಯೇ ನಮ್ಮ ಕಡೆಗೆ ಕೈ ತೋರಿಸಿ ಹೋಗಿದ್ದಾರೆ.

ಉಮ್ಮನ ಹಲಗೆ

ಫೆಸ್‌ನಲ್ಲಿ ನಮ್ಮದೊಂದು ಸ್ವಂತ ಬೇಡಿಕೆ ಇತ್ತು. ಮಕ್ಕಳಿಗೆ ಖುರ್‌ಆನ್ ಕಲಿಸುವ ಸಣ್ಣ ಓದುಮನೆ ಒಂದನ್ನು ನೋಡಬೇಕು. ಮರುದಿನ ಗೈಡ್ ತನ್ನ ಪರಿಚಯದ ಒಂದು ಕಡೆಗೆ ಕರೆದುಕೊಂಡು ಹೋದರು. ಒಂದೇ ಕೋಣೆ, ಚಾಪೆ, ಇಪ್ಪತ್ತು ಮಕ್ಕಳು, ಬೆಂಚಿಲ್ಲ. ಪ್ರತಿಯೊಬ್ಬರ ಕೈಯಲ್ಲೂ ಒಂದು ಮರದ ಹಲಗೆ. ಅದಕ್ಕೆ ಜೇಡಿಮಣ್ಣು ಬಳಿದು ಒಣಗಿಸಿ, ಬಿದಿರಿನ ಹಾಗಿನ ಜೊಂಡಿನ ಲೇಖನಿಯಿಂದ ಕಪ್ಪು ಶಾಯಿಯಲ್ಲಿ ಆಯತ್ ಬರೆಯುತ್ತಾರೆ. ಬಾಯಿಪಾಠವಾದ ಮೇಲೆ ತೊಳೆದು, ಮತ್ತೆ ಮಣ್ಣು ಬಳಿದು ಮುಂದಿನ ಪಾಠ. ಉಸ್ತಾದರು ನಮ್ಮನ್ನು ಅಪ್ಪಿಕೊಂಡು ಪಕ್ಕದಲ್ಲೇ ಕೂರಿಸಿದರು. ಸಂಬಳ, ರಜೆ, ಹುಡುಗರ ತುಂಟಾಟ, ಎರಡೂ ಕಡೆ ಒಂದೇ ರಾಗ ಮಾರಾಯ್ರೇ!

ಉಮ್ಮ ಒಂದು ಹಲಗೆಯನ್ನು ಕೈಗೆ ತೆಗೆದುಕೊಂಡರು. ತಿರುಗಿಸಿ ನೋಡಿದರು. "ನಮಗೂ ಹೀಗೇ ಇತ್ತು" ಎಂದರು. ಅವರ ಬಾಲ್ಯದಲ್ಲಿ ನಮ್ಮೂರಲ್ಲೂ ಮೊಲ್ಲಾಕನ ಮನೆಯಲ್ಲಿ ಹಲಗೆಗೆ ಮಣ್ಣು ಬಳಿದು ಬರೆಸುತ್ತಿದ್ದರಂತೆ. ನಮಗೆ ಇದು ಹೊಸ ವಿಷಯ. ನಲವತ್ತು ವರ್ಷ ದಾಟಿದ ಮಗ, ಅದೂ ಮದ್ರಸದಲ್ಲೇ ಜೀವನ ಮಾಡುವವ, ಉಮ್ಮ ಹೇಗೆ ಕಲಿತರು ಎಂದು ಒಮ್ಮೆಯೂ ಕೇಳಿರಲಿಲ್ಲ.

"ಎಷ್ಟರವರೆಗೆ ಓದಿದಿರಿ ಉಮ್ಮ?" ಎಂದು ಮಗಳು ಕೇಳಿದಳು.

"ಎಂಥ ಎಷ್ಟರವರೆಗೆ? ದೊಡ್ಡವಳಾದೆ, ನಿಲ್ಲಿಸಿದರು. ಹಲಗೆ ಅಟ್ಟಕ್ಕೆ ಹೋಯಿತು. ಆಮೇಲೆ ಅಕ್ಕಿ ಒಣಗಿಸುವಾಗ ಕೋಳಿ ಬರದ ಹಾಗೆ ಅಡ್ಡ ಇಡುತ್ತಿದ್ದೆವು. ಮತ್ತೆ ಕಾಣಲಿಲ್ಲ."

ಅವರು ಅದನ್ನು ದುಃಖದಿಂದ ಹೇಳಲಿಲ್ಲ. ಮಳೆ ಬಂತು, ಬಟ್ಟೆ ಒಳಗೆ ತಂದೆವು ಎನ್ನುವ ಹಾಗೆ ಹೇಳಿದರು. ಹಲಗೆಯನ್ನು ಆ ಹುಡುಗನಿಗೆ ಮರಳಿಸಿ, ಅವನ ತಲೆ ಸವರಿದರು. ಹೊರಗೆ ಬಂದು ಓಣಿಯಲ್ಲಿ ನಡೆಯುವಾಗ ನಮ್ಮ ತೋಳು ಹಿಡಿದುಕೊಂಡು ಇಷ್ಟೇ ಹೇಳಿದರು: "ಹುಡುಗಿ ಓದುತ್ತೇನೆ ಅಂದರೆ ಓದಲಿ ಮಗಾ. ಸಂಬಂಧ ಒಂದು ಹೋದರೆ ಇನ್ನೊಂದು ಬರುತ್ತದೆ."

ಮರ್ರಾಕಿಶ್

ಕೊನೆಯ ದಿನಗಳು ಮರ್ರಾಕಿಶ್‌ನಲ್ಲಿ. ಟೂರಿನಲ್ಲಿ ಸಹಾರಾ ಮರುಭೂಮಿಯ ಒಂದು ರಾತ್ರಿ ಇತ್ತು. ಉಮ್ಮನ ಮಂಡಿಗೆ ಅಷ್ಟು ದೂರದ ವ್ಯಾನಿನ ದಾರಿ ಕಷ್ಟವೆಂದು ಅದನ್ನು ಬಿಟ್ಟೆವು. ಮಗ ಒಂದು ದಿನ ನಮ್ಮೊಂದಿಗೆ ಮಾತೇ ಆಡಲಿಲ್ಲ. ಜಾಮಿಅಲ್ ಫನಾ ಎಂಬ ಮೈದಾನದಲ್ಲಿ ಹಾವಾಡಿಗರನ್ನೂ ಕಥೆ ಹೇಳುವವರನ್ನೂ ಕಂಡ ಮೇಲೆ ಸರಿಯಾದ.

ನಮಗೆ ಅಲ್ಲಿ ಬೇರೆ ಕೆಲಸ ಇತ್ತು. 'ಶಿಫಾ' ಬರೆದ ಖಾಝೀ ಇಯಾಝ್, 'ದಲಾಇಲುಲ್ ಖೈರಾತ್' ಬರೆದ ಇಮಾಮ್ ಜಝೂಲೀ ಇಬ್ಬರೂ ಇರುವುದು ಇದೇ ಊರಿನಲ್ಲಿ. ದರ್ಸಿನ ದಿನಗಳಲ್ಲಿ ನಹ್ವ್ ಕಲಿಯಲು ಓದಿದ ಅಜರೂಮಿಯ್ಯದ ಇಬ್ನು ಆಜರ್ರೂಮ್ ಫೆಸ್‌ನವರು. ನಮ್ಮ ಹಳ್ಳಿಯ ಪಳ್ಳಿಯ ಕಪಾಟಿನಲ್ಲಿ ಒಟ್ಟಿಗೇ ಕುಳಿತಿರುವ ಈ ಹೆಸರುಗಳು ಎಷ್ಟು ದೂರದಿಂದ ಬಂದವು ಎಂಬುದು ಝಿಯಾರತ್ ಮಾಡಿದಾಗಲೇ ಮನಸ್ಸಿಗೆ ಹೋದದ್ದು.

2023ರ ಸೆಪ್ಟೆಂಬರ್ 8ರ ರಾತ್ರಿ ಇಲ್ಲಿ ಭೂಕಂಪವಾಗಿತ್ತು. ಅಟ್ಲಾಸ್ ಬೆಟ್ಟದ ಹಳ್ಳಿಗಳು ನೆಲಸಮವಾದವು, 2,900ಕ್ಕೂ ಹೆಚ್ಚು ಜನ ತೀರಿಕೊಂಡರು. ಗೈಡ್ ಅದರ ಬಗ್ಗೆ ಹೆಚ್ಚು ಮಾತಾಡಲಿಲ್ಲ, ದೂರದ ಬೆಟ್ಟದ ಕಡೆಗೆ ತೋರಿಸಿ ದುಆ ಮಾಡಿ ಎಂದರು. ಮಾಡಿದೆವು.

ಹೋಗುವವರಿಗೆ ನಾಲ್ಕು ಮಾತು

ಭಾರತದ ಪಾಸ್‌ಪೋರ್ಟಿಗೆ ವೀಸಾ ಬೇಕು. ಇ-ವೀಸಾಕ್ಕೆ ಮನೆಯಿಂದಲೇ ಅರ್ಜಿ ಹಾಕಬಹುದು. ಹಣದ ಹೆಸರು ದಿರ್ಹಮ್ ಎಂದಿದ್ದರೂ ಅದು ದುಬೈಯ ದಿರ್ಹಮ್ ಅಲ್ಲ. ಭಾವನೂ ಮೊದಲ ದಿನ ಅಂಗಡಿಯಲ್ಲಿ ಲೆಕ್ಕ ತಪ್ಪಿದರು! ಊಟ ಹಲಾಲ್‌ನದ್ದೇ, ಚಿಂತೆ ಇಲ್ಲ. ಆದರೆ ನಮ್ಮ ನಾಲಿಗೆಗೆ ಖಾರ ಸಾಲದು. ಒಂದು ಬಾಟಲಿ ಉಪ್ಪಿನಕಾಯಿ ಇರಲಿ. ಶುಕ್ರವಾರ ಜುಮಾ ಮುಗಿಸಿ ಮನೆಮನೆಯಲ್ಲೂ ಕುಸ್ಕುಸ್ ಮಾಡುತ್ತಾರೆ, ಸಿಕ್ಕಿದರೆ ಬಿಡಬೇಡಿ. ಪುದಿನ ಹಾಕಿದ ಚಹಾಕ್ಕೆ ಸಕ್ಕರೆ ಕಡಿಮೆ ಎಂದು ಮೊದಲೇ ಹೇಳಬೇಕು, ಸಕ್ಕರೆ ಕಾಯಿಲೆ ಇರುವವರು ಮರೆಯಬೇಡಿ. ಹಳೇ ಪೇಟೆಯಲ್ಲಿ ದಾರಿ ತೋರಿಸುತ್ತೇವೆಂದು ಹಿಂದೆ ಬರುವ ಹುಡುಗರು ಕೊನೆಗೆ ಹಣ ಕೇಳುತ್ತಾರೆ. ಒಂದು ಜಮಖಾನೆ ಅಂಗಡಿಯಲ್ಲಿ ನಮ್ಮನ್ನು ಎರಡು ಗಂಟೆ ಕೂರಿಸಿ, ಮೂರು ಸಲ ಚಹಾ ಕೊಟ್ಟು, ಮೂವತ್ತು ಜಮಖಾನೆ ಬಿಡಿಸಿದರು. ಗೈಡಿಗೆ ಅಲ್ಲಿ ಪಾಲು ಇತ್ತೆಂದು ಆಮೇಲೆ ಅರ್ಥವಾಯಿತು. ಕೇಳಿದಾಗ ಅವರೇ ಒಪ್ಪಿಕೊಂಡರು. ಉಮ್ಮ ಒಂದು ಸಣ್ಣ ಮುಸಲ್ಲಾ ಚೌಕಾಸಿ ಮಾಡಿ ಅರ್ಧ ಬೆಲೆಗೆ ತಂದರು. ಅವರಿಗೆ ಅರಬಿಯೂ ಬೇಡ, ಇಂಗ್ಲಿಷೂ ಬೇಡ, ಬೆರಳು ಸಾಕು.

ಊರಿಗೆ ಬಂದ ಮೇಲೆ

ಮನೆಗೆ ಬಂದ ಮೂರನೇ ದಿನ ನಾವು ಹುಡುಗನ ಮನೆಯವರಿಗೆ ಫೋನ್ ಮಾಡಿದೆವು. ಮಗಳು ಡಿಗ್ರಿ ಓದುತ್ತಾಳೆ, ಮೂರು ವರ್ಷ ಕಾಯುವ ಮನಸ್ಸಿದ್ದರೆ ನಮಗೆ ಸಂತೋಷ, ಇಲ್ಲದಿದ್ದರೆ ಬೇಸರವಿಲ್ಲ ಎಂದೆವು. ಆಲೋಚಿಸಿ ತಿಳಿಸುತ್ತೇವೆ ಎಂದರು. ಇದನ್ನು ಬರೆಯುವವರೆಗೆ ಉತ್ತರ ಬಂದಿಲ್ಲ. ಸಂಬಂಧಿಕರಲ್ಲಿ ಕೆಲವರು "ಉಸ್ತಾದರಿಗೆ ಮೊರೊಕ್ಕೊ ಗಾಳಿ ತಾಗಿದೆ" ಎನ್ನುತ್ತಿದ್ದಾರೆ. ಒಳ್ಳೆಯ ಸಂಬಂಧ ತಪ್ಪಿತೋ ಏನೋ ಎಂದು ರಾತ್ರಿ ನಮಗೂ ಒಮ್ಮೊಮ್ಮೆ ಅನಿಸುತ್ತದೆ. ಆದರೆ ಫಾತಿಮಾ ಅಲ್‌ಫಿಹ್ರೀಯವರ ಹೆಸರು ಹೇಳಿ ತಕ್ಬೀರ್ ಹೇಳಿಸಿ, ಮನೆಗೆ ಬಂದು ಸ್ವಂತ ಮಗಳ ಪುಸ್ತಕವನ್ನು ಅಟ್ಟಕ್ಕೆ ಹಾಕಿದರೆ ನಾಳೆ ಆ ವೇದಿಕೆಗೆ ಯಾವ ಮುಖದಲ್ಲಿ ಹತ್ತುವುದು? ಕಾಲೇಜಿನ ಅರ್ಜಿ ತುಂಬಿ ಕೊಟ್ಟು ಬಂದಿದ್ದೇವೆ.

ಮದ್ರಸ ತೆರೆದಿದೆ. ಮೊದಲ ದಿನ ಮಕ್ಕಳಿಗೆ "ಬಾಲಕ್" ಕಥೆ ಹೇಳಿದೆವು, ಈಗ ಎಲ್ಲರೂ ಅದನ್ನೇ ಕೂಗಿಕೊಂಡು ಓಡುತ್ತಾರೆ. ಹೊನ್ನಾವರದ ಹದಿಮೂರು ಶಾಲೆಗಳ ಬಗ್ಗೆಯೂ ಹೇಳಿದೆವು. "ಈಗಲೂ ಅವು ಉಂಟಾ ಉಸ್ತಾದ್?" ಎಂದು ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು. ಗೊತ್ತಿಲ್ಲ ಎಂದೆವು. ಮೊರೊಕ್ಕೊವರೆಗೆ ಹೋಗಿ ಬಂದ ನಾವು ಆ ಕಣ್ಣಿನಿಂದ ಹೊನ್ನಾವರವನ್ನು ಒಮ್ಮೆಯೂ ನೋಡಿಲ್ಲ. ಬರುವ ರಜೆಯಲ್ಲಿ ಮದ್ರಸದ ಹೆಣ್ಣುಮಕ್ಕಳನ್ನೂ ಅವರ ಉಮ್ಮಂದಿರನ್ನೂ ಕರೆದುಕೊಂಡು ಒಂದು ಬಸ್ಸು ಮಾಡುವಾ ಎಂದು ಜಮಾಅತಿನಲ್ಲಿ ಮಾತಾಗಿದೆ. ಇನ್‌ಶಾ ಅಲ್ಲಾಹ್. ಅಲ್ಲಿಗೆ ಹೇಗೂ ವೀಸಾ ಬೇಡ.